ಬೀರುವಿನಲ್ಲಿ ಬಂದೂಕು, ಬಾಗಿಲಲ್ಲಿ ನರ್ಸ್

ಚುನಾವಣೆ ಘೋಷಣೆಯಾದ ಕೂಡಲೇ ಪರವಾನಗಿ ಬಂದೂಕುಗಳ ಪಟ್ಟಿ ಪೊಲೀಸರ ಮೇಜಿಗೆ ಬರುತ್ತದೆ. ಹೈದರಾಬಾದಿನಿಂದ ಮಡಿಕೇರಿಯವರೆಗೆ ಆಯುಧವನ್ನು ಠಾಣೆಗೆ ಒಪ್ಪಿಸಿ ಎಂಬ ಸೂಚನೆ ಹೊರಡುತ್ತದೆ. ಮನೆಯೊಳಗಿನ ಬಂದೂಕು ಮನೆಯವರ ಖಾಸಗಿ ವಿಷಯ ಮಾತ್ರವಲ್ಲ, ಹೊರಗಿನವರಿಗೂ ಅದರಿಂದ ಅಪಾಯವಿರಬಹುದು ಎಂದು ಸರ್ಕಾರ ಒಪ್ಪಿಕೊಂಡಿರುವುದರಿಂದಲೇ ಈ ಏರ್ಪಾಡು. ಆದರೆ ಅದೇ ಮನೆಗೆ ಇನ್ಸುಲಿನ್ ಕೊಡಲು, ಗಾಯ ತೊಳೆಯಲು, ರಾತ್ರಿಯಿಡೀ ರೋಗಿಯ ಪಕ್ಕದಲ್ಲಿ ಕೂರಲು ಒಬ್ಬಳೇ ಹೋಗುವ ನರ್ಸ್‌ಗೆ ಅಲ್ಲೊಂದು ಬಂದೂಕಿದೆ ಎಂದು ಯಾರೂ ಹೇಳಬೇಕಾಗಿಲ್ಲ. ಮತಪೆಟ್ಟಿಗೆಗೆ ಸಿಗುವ ಎಚ್ಚರಿಕೆ ಅವಳಿಗೆ ಸಿಗುವುದಿಲ್ಲ.

ಹೈದರಾಬಾದಿನಲ್ಲಿ ಮನೆ ಆರೈಕೆ ಈಗ ದೊಡ್ಡ ವ್ಯಾಪಾರ. ಮಕ್ಕಳು ಅಮೆರಿಕದಲ್ಲಿ, ತಂದೆತಾಯಿ ಬಂಜಾರಾ ಹಿಲ್ಸ್‌ನಲ್ಲೋ ಕೊಂಡಾಪುರದ ಫ್ಲ್ಯಾಟಿನಲ್ಲೋ ಇರುವ ಕುಟುಂಬಗಳಿಗೆ ಅದು ಅನಿವಾರ್ಯವೂ ಹೌದು. ಆ ಕೆಲಸಕ್ಕೆ ಹೋಗುವವರಲ್ಲಿ ಹೆಚ್ಚಿನವರು ಹೊರ ಊರುಗಳಿಂದ ಬಂದು ಹಾಸ್ಟೆಲ್‌ಗಳಲ್ಲಿರುವ ಯುವತಿಯರು. ರೋಗಿಯ ಶುಗರ್, ಬಿಪಿ, ಅಲರ್ಜಿ ಎಲ್ಲದರ ವಿವರ ಫೋನಿಗೆ ಬರುತ್ತದೆ. ಮನೆಯ ವಿವರ ಮಾತ್ರ ಬಾಗಿಲು ತೆರೆದ ಮೇಲೆಯೇ ತಿಳಿಯುವುದು. 2004ರ ಜೂನ್‌ನಲ್ಲಿ ಜುಬಿಲಿ ಹಿಲ್ಸ್‌ನ ನಟರೊಬ್ಬರ ಮನೆಯಲ್ಲಿ ಇಬ್ಬರಿಗೆ ಗುಂಡು ತಗುಲಿದ ಪ್ರಕರಣವನ್ನು ಈ ನಗರ ಮರೆತಿಲ್ಲ. ಗಾಯಗೊಂಡವರಿಬ್ಬರೂ ಮನೆಗೆ ಬಂದವರು.

‘ಪರವಾನಗಿ ಕೊಡುವಾಗ ಪೊಲೀಸರು ಎಲ್ಲ ವಿಚಾರಿಸಿಯೇ ಕೊಡುತ್ತಾರೆ’ ಎಂಬ ಸಮಾಧಾನವಿದೆ. ವಿಚಾರಿಸುತ್ತಾರೆ, ನಿಜ. ಮಾನಸಿಕ ಅಸ್ವಸ್ಥರಿಗೆ ಪರವಾನಗಿ ನಿರಾಕರಿಸುವ, ಕೊಟ್ಟಿದ್ದನ್ನು ಹಿಂಪಡೆಯುವ ಅಧಿಕಾರ 1959ರ ಆಯುಧ ಕಾಯ್ದೆಯಲ್ಲಿದೆ. ಆದರೆ 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಎಪ್ಪತ್ತರ ವಯಸ್ಸಿನಲ್ಲಿ ನವೀಕರಣ ಮಾಡಿಸಿಕೊಂಡವರಿಗೆ ಎಪ್ಪತ್ತೆರಡಕ್ಕೆ ಪಾರ್ಶ್ವವಾಯು ಬಡಿಯಬಹುದು, ಮರೆವಿನ ರೋಗ ಶುರುವಾಗಬಹುದು. ಪರವಾನಗಿ ಇನ್ನೂ ಮೂರು ವರ್ಷ ನಡೆಯುತ್ತದೆ. ಮನೆಗೆ ನರ್ಸ್ ಬರುವುದು ಸರಿಯಾಗಿ ಆ ಮೂರು ವರ್ಷಗಳಲ್ಲೇ. ಡಿಮೆನ್ಶಿಯಾ ಇರುವವರು ಸಂಜೆಯ ಹೊತ್ತಿಗೆ ಗೊಂದಲಕ್ಕೆ ಬೀಳುವುದು, ಎದುರಿಗಿದ್ದವರನ್ನು ಕಳ್ಳರೆಂದು ಭಾವಿಸುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅದರಲ್ಲಿ ರೋಗಿಯ ತಪ್ಪೇನೂ ಇಲ್ಲ. ಬೀರುವಿನ ಕೀಲಿಯನ್ನು ಅವರ ದಿಂಬಿನಡಿ ಬಿಟ್ಟ ಮನೆಯವರದು ತಪ್ಪು.

ಕಾನೂನು ಇನ್ನೂ ಆಸ್ಪತ್ರೆಯ ಗೋಡೆಯೊಳಗೇ ನಿಂತಿದೆ. ತೆಲಂಗಾಣಕ್ಕೆ ಬಳುವಳಿಯಾಗಿ ಬಂದ 2008ರ ಆಂಧ್ರದ ಕಾಯ್ದೆಯಾಗಲಿ, ಕರ್ನಾಟಕದ 2009ರ ಕಾಯ್ದೆಯಾಗಲಿ, ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ವೈದ್ಯಕೀಯ ಸಂಸ್ಥೆಯಲ್ಲಿ ನಡೆಯುವ ಹಿಂಸೆಯೆಂದೇ ಕಲ್ಪಿಸಿಕೊಂಡಿದೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಮೇಲೆ 1973ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ದಾಳಿ ನಡೆಯಿತು. ಆಕೆ 2015ರವರೆಗೆ ಹಾಸಿಗೆಯಲ್ಲೇ ಉಳಿದರು. 2024ರಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ಘಟನೆಯ ನಂತರವೂ ಚರ್ಚೆಯಾದದ್ದು ಸಿಸಿಟಿವಿ, ಕಾವಲುಗಾರ, ವಿಶ್ರಾಂತಿ ಕೊಠಡಿ. ಅವೆಲ್ಲ ಬೇಕು. ಅವುಗಳಲ್ಲಿ ಒಂದೂ ಮನೆ ಆರೈಕೆಯ ನರ್ಸ್‌ನ ಜೊತೆ ಲಿಫ್ಟ್ ಹತ್ತುವುದಿಲ್ಲ.

ಹಾಗೆಂದು ಕಾನೂನಿಗೆ ಮನೆಯೆಂದರೆ ಏನೆಂದೇ ಗೊತ್ತಿಲ್ಲ ಎನ್ನುವಂತಿಲ್ಲ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ವಾಸದ ಮನೆಯನ್ನೂ, ಕೆಲಸದ ನಿಮಿತ್ತ ಹೋಗುವ ಜಾಗವನ್ನೂ ‘ಕೆಲಸದ ಸ್ಥಳ’ ಎಂದೇ ಕರೆದಿದೆ. ಕೋವಿಡ್ ಕಾಲದ 2020ರ ಸಾಂಕ್ರಾಮಿಕ ರೋಗಗಳ ತಿದ್ದುಪಡಿ, ಹಿಂಸೆ ಆಸ್ಪತ್ರೆಯ ಆವರಣದಲ್ಲೇ ಆಗಲಿ ಬೇರೆಡೆಯೇ ಆಗಲಿ ಅಪರಾಧವೆಂದಿತು. ಸಾಂಕ್ರಾಮಿಕ ಇಲ್ಲದಾಗ ಆ ರಕ್ಷಣೆಯೂ ಇಲ್ಲ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಖಾಸಗಿತನದ್ದು. ರೋಗಿಯ ಮೂತ್ರದ ಚೀಲ, ಬೆನ್ನಹುಣ್ಣು, ಮಕ್ಕಳ ಜಗಳ ಎಲ್ಲವನ್ನೂ ಕಾಣುವ ನರ್ಸ್‌ಗೆ ‘ಬಂದೂಕಿದೆ, ಬೀಗದಲ್ಲಿದೆ’ ಎಂಬ ಎರಡು ಮಾತು ಹೇಳಿದರೆ ಹೋಗುವ ಖಾಸಗಿತನ ಯಾವುದು? ಎರಡನೆಯದು ಮರ್ಯಾದೆಯ ಆಕ್ಷೇಪ. ಕೊಡಗಿನಲ್ಲಿ ಕೈಲ್ ಪೊಳ್ದ್‌ನಂದು ಕೋವಿಗೆ ಪೂಜೆ ನಡೆಯುತ್ತದೆ. ಬಂದೂಕನ್ನು ಅಷ್ಟು ಗೌರವದಿಂದ ಇಟ್ಟುಕೊಂಡ ಮನೆಗೆ ಬೀಗದ ಪ್ರಶ್ನೆ ಅವಮಾನವಾಗಲಾರದು. ಆಯುಧವನ್ನು ಭದ್ರವಾಗಿಡುವುದು ಪರವಾನಗಿದಾರನ ಹೊಣೆ ಹೇಗೂ ಹೌದು. ಮೂರನೆಯದು, ಇಂಥ ಮನೆಗಳು ಎಷ್ಟಿವೆ ಎಂಬ ಪ್ರಶ್ನೆ. ಬೈಗುಳ, ಮೈಮುಟ್ಟುವ ಕೈ, ಕುಡಿದು ಬರುವ ಮಗ ಇವು ಹೆಚ್ಚು ಸಾಮಾನ್ಯ, ನಿಜ. ಆದರೆ ಆ ಸಾಮಾನ್ಯ ಕಾಟವೂ ಬಂದೂಕಿರುವ ಮನೆಯಲ್ಲಿ ಬೇರೆಯೇ ಆಗುತ್ತದೆ. ಅಲ್ಲಿ ಬೆದರಿಸಲು ಬಾಯಿ ಬಿಡಬೇಕಾಗಿಲ್ಲ, ಅದನ್ನು ಮೇಜಿನ ಮೇಲಿಟ್ಟರೆ ಸಾಕು.

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 2023ರ ಅಕ್ಟೋಬರ್‌ನಲ್ಲಿ ರೋಗಿಯ ಭೇಟಿಗೆ ಹೋದ ನರ್ಸ್ ಒಬ್ಬರು ಅಲ್ಲೇ ಕೊಲೆಯಾದರು. ಆ ಕೊಲೆಯಲ್ಲಿ ಬಂದೂಕಿರಲಿಲ್ಲ. ಆದರೂ ಮರುವರ್ಷದ ಕಾನೂನು, ರೋಗಿಯನ್ನು ಸೇರಿಸಿಕೊಳ್ಳುವಾಗಲೇ ಹಿಂಸೆಯ ಇತಿಹಾಸದ ಜೊತೆಗೆ ಮನೆಯಲ್ಲಿನ ಆಯುಧಗಳ ಬಗೆಗೂ ಮನೆ ಆರೈಕೆ ಸಂಸ್ಥೆಗಳು ಮಾಹಿತಿ ಸಂಗ್ರಹಿಸಬೇಕೆಂದಿತು. ಅದಕ್ಕೊಂದು ಜೀವ ಹೋಗಬೇಕಾಯಿತು. ಹೈದರಾಬಾದ್ ಅಲ್ಲಿಯವರೆಗೆ ಕಾಯಬೇಕೆಂದೇನಿಲ್ಲ.

ಮನೆ ಆರೈಕೆ ಕಂಪನಿಗಳು ನಾಳೆಯೇ ತಮ್ಮ ಅರ್ಜಿಯಲ್ಲಿ ಒಂದು ಸಾಲು ಸೇರಿಸಬಹುದು: ಮನೆಯಲ್ಲಿ ಆಯುಧವಿದೆಯೇ, ಕೀಲಿ ಯಾರ ಬಳಿ? ಉತ್ತರ ಸರಿಯಿಲ್ಲದಿದ್ದರೆ ರೋಗಿಯನ್ನು ಕೈಬಿಡಬೇಕಿಲ್ಲ. ಗುಂಡುಗಳನ್ನು ಬೇರೆಡೆ ಇಡಿಸಬಹುದು, ಬಂದೂಕನ್ನು ಪರವಾನಗಿ ಪಡೆದ ವ್ಯಾಪಾರಿಯ ಬಳಿ ಇರಿಸಬಹುದು. ಅಪಾಯ ಕಂಡಾಗ ಹೊರನಡೆದ ನರ್ಸ್‌ಗೆ ಅಂದಿನ ಸಂಬಳ ಕಡಿತವಾಗಬಾರದು. ಆ ಭರವಸೆ ಇಲ್ಲದಿದ್ದರೆ ಹೆದರಿಕೊಂಡೇ ಒಳಗೆ ಉಳಿಯುತ್ತಾಳೆ. ಪರವಾನಗಿ ಕೊಡುವ ಪೊಲೀಸ್ ಕಮಿಷನರ್ ಕಚೇರಿ, ಪರವಾನಗಿದಾರ ಹಾಸಿಗೆ ಹಿಡಿದರೆ ಅಥವಾ ಮರೆವಿಗೆ ಬಿದ್ದರೆ ಮನೆಯವರು ತಿಳಿಸಲೇಬೇಕೆಂಬ ಷರತ್ತು ಹಾಕಬೇಕು. ಇನ್ನು ವಿಧಾನಸಭೆಯ ಕೆಲಸ ತೀರಾ ಸಣ್ಣದು: 2008ರ ಕಾಯ್ದೆಯಲ್ಲಿ ವೈದ್ಯಕೀಯ ಸಂಸ್ಥೆ ಎಂದಿರುವಲ್ಲಿ ‘ಅಥವಾ ರೋಗಿಯ ಮನೆ’ ಎಂದು ಸೇರಿಸುವುದು.