ಮುಳ್ಳಿನ ಡಬ್ಬಿ ಗುಜರಿಗೆ ಹೋಗದಿರಲಿ

ಗಂಗಾವತಿ, ಕಾರಟಗಿ ಅಂತ ದಿನಾ ಬಸ್ಸಿಗೆ ಓಡಾಡುವ ಸಿದ್ದಾಪುರದ ಜನಕ್ಕೆ ಪೆನ್ನು ಅಂದರೆ ಈಗ ಬರೆದು ಬಿಸಾಕುವ ಸಾಮಾನು. ಮಸಿ ಮುಗೀತೋ, ಕಿಟಕಿಯಿಂದ ಆಚೆಗೆ! ಆದರೆ ಇಂಥ ಊರುಗಳ ಹಳೇ ಸ್ಟೇಷನರಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಪಕ್ಕ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಅದರ ತುಂಬ ನಿಬ್ಬು. ಹಳಬರ ಬಾಯಲ್ಲಿ, ಮುಳ್ಳು.

ಆ ಅಂಗಡಿಯವ ಬರೀ ನೋಟುಬುಕ್ಕು ಮಾರುವವನಲ್ಲ, ಅರ್ಧ ರಿಪೇರಿಯವನೂ ಹೌದು. ಪೆನ್ನು ಕೆಡವಿಕೊಂಡ ಹುಡುಗ ಅಳ್ತಾ ಬಂದರೆ ಬಾಗಿದ ಮುಳ್ಳು ಎಳೆದು, ಅದರಡಿಯ ನಾಲಿಗೆ ತೊಳೆದು, ಹೊಸದು ಕೂರಿಸಿ, ಕಾಗದದ ಮೇಲೆ ಗೀಚಿ ನೋಡಿ ಕೊಡುತ್ತಿದ್ದ. ಕಿತ್ತದ್ದು ಡಬ್ಬಿಗೆ. ಹಾಗೆ ಕೂಡಿಬಿದ್ದ ಸಂಗ್ರಹ ಇದು, ಶೋಕಿಯದಲ್ಲ. ಬಳಸಿದ ಮುಳ್ಳಿನ ತುದಿ ಬರೆದವನ ಕೈಯ ಓರೆಗೆ ತಕ್ಕಂತೆ ಸವೆದಿರುತ್ತದೆ. ಹಳಬರು ಪೆನ್ನು ಕೈಗಡ ಕೊಡದೆ ಇದ್ದದ್ದು ಅದಕ್ಕೇ. ಜಿಪುಣರು ಅಂತ ಬೈದವರೇ ಹೆಚ್ಚು!

ಈ ಸೀಮೆಯ ಕಥೆಯೂ ಅದೇ ಡಬ್ಬಿಯಲ್ಲಿದೆ. 1948ರವರೆಗೆ ನಿಜಾಮರ ಆಡಳಿತ, ದಫ್ತರದಲ್ಲಿ ಉರ್ದು. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಭತ್ತ ಬಂತು, ಆಂಧ್ರದ ರೈತರ ಕ್ಯಾಂಪುಗಳು ಬಂದವು, ಅಡತಿ ಅಂಗಡಿ, ರೈಸ್‌ಮಿಲ್ಲು ಬಂದವು. 1956ರಲ್ಲಿ ಕನ್ನಡ ನಾಡು ಒಂದಾಗಿ ಕಚೇರಿಯ ಕಾಗದ ಕನ್ನಡಕ್ಕೆ ತಿರುಗತೊಡಗಿತು. ಚೀಲ ಚೀಲಕ್ಕೂ ಲೆಕ್ಕ ಬರೆಯಬೇಕಲ್ಲ! ಅದ್ದಿ ಬರೆಯುವ ಟಾಕು ಹೋಗಿ ಮಸಿ ತುಂಬುವ ಪೆನ್ನು ಬಂತು, ಅದನ್ನು ಬಾಲ್‌ಪೆನ್ನು ನುಂಗಿತು. ರಾಜಮಂಡ್ರಿಯ ರತ್ನಂ ಪೆನ್ನಿಗೆ 1935ರಲ್ಲಿ ಗಾಂಧೀಜಿಯೇ ಮೆಚ್ಚಿ ಪತ್ರ ಬರೆದಿದ್ದರು. ಆ ಹೆಸರು ಇಂದಿಗೂ ಉಳಿದಿದೆ. ಡಬ್ಬಿ ಇಟ್ಟುಕೊಂಡವನ ಹೆಸರು ಕೇಳುವವರಿಲ್ಲ.

ಈಗ ಅಂಗಡಿ ಮಗನ ಕೈಗೆ ಬಂದು, ಜೆರಾಕ್ಸು, ಮೊಬೈಲ್ ರೀಚಾರ್ಜು ಶುರುವಾದರೆ ಮೊದಲು ಗುಜರಿ ಕಾಣುವುದು ಈ ಡಬ್ಬಿಯೇ. ಸ್ವಲ್ಪ ತಡೀರಿ ಸ್ವಾಮಿ. ಗುಜರಿಯವ ಕಿಲೋ ಲೆಕ್ಕ ಹಾಕುತ್ತಾನೆ. ಬೆಂಗಳೂರು, ಮುಂಬೈಯ ಪೆನ್ನಿನ ಹುಚ್ಚರು ಒಂದೊಂದು ಮುಳ್ಳಿಗೂ ಬೆಲೆ ಕಟ್ಟುತ್ತಾರೆ. ಮೊದಲು ಭೂತಗನ್ನಡಿ ಹಿಡಿದು ನೋಡಿ. 14ಕೆ ಅಥವಾ 585 ಅಂತ ಮುದ್ರೆ ಇದ್ದರೆ ಅದರಲ್ಲಿ ನೂರಕ್ಕೆ 58 ಪಾಲಿಗಿಂತ ಹೆಚ್ಚು ಬಂಗಾರ. ಉಕ್ಕಿನದಕ್ಕೆ ತೇವ ತಗಲದಂತೆ ಒಣಗಿಸಿ ಇಡಬೇಕು. ಉಜ್ಜಿ ಹೊಳಪು ಮಾಡಲು ಹೋಗಬಾರದು, ತಯಾರಕರ ಹೆಸರೇ ಅಳಿಸಿಹೋದೀತು. ಮಾರುವವರು ಮಾರಲಿ, ಅವರವರ ಹೊಟ್ಟೆಪಾಡು. ಮಾರುವ ಮುಂಚೆ ಅಪ್ಪ ಯಾವ ಪೇಟೆಯಿಂದ ತಂದದ್ದು, ಯಾವ ಕಾಲದ್ದು ಅಂತ ಕೇಳಿ ಒಂದು ಚೀಟಿ ಬರೆದು ಡಬ್ಬಿಯಲ್ಲಿ ಹಾಕಲಿ, ಅಪ್ಪ ಇನ್ನೂ ಅಂಗಡಿ ಕಟ್ಟೆಗೆ ಬಂದು ಕೂರುತ್ತಿರುವಾಗಲೇ.