ಬೆಸುಗೆ ಬಿಡಿಸುವ ವಿದ್ಯೆ

ಮುಂಗಾರಿಗೆ ಮುನ್ನ ಬರುವ ಗುಡುಗು ಸಿಡಿಲಿನ ದಿನಗಳಲ್ಲಿ ಮಲೆನಾಡಿನ ಮನೆಗಳಲ್ಲಿ ಸುಟ್ಟುಹೋಗುವ ಉಪಕರಣಗಳು ಒಂದೆರಡಲ್ಲ. ಟಿ.ವಿ., ಇನ್ವರ್ಟರ್, ತೋಟದ ಸೋಲಾರ್ ಬೇಲಿಯ ಯಂತ್ರ, ಇತ್ತೀಚಿನ ವರ್ಷಗಳಲ್ಲಿ ಇಂಟರ್‌ನೆಟ್ಟಿನ ಪೆಟ್ಟಿಗೆ. ಅವನ್ನು ಪೇಟೆಯ ರಿಪೇರಿ ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ‘ಬೋರ್ಡ್ ಹೋಗಿದೆ, ಹೊಸದೇ ಹಾಕಬೇಕು.’ ವಾಸ್ತವದಲ್ಲಿ ಆ ಬೋರ್ಡಿನ ಮೇಲಿರುವ ಹತ್ತಾರು ಬಿಡಿಭಾಗಗಳಲ್ಲಿ ಕೆಟ್ಟಿರುವುದು ಅನೇಕ ವೇಳೆ ಒಂದೆರಡು ಮಾತ್ರ. ಅವುಗಳ ಬೆಲೆ ಕೆಲವೇ ರೂಪಾಯಿ. ಹಾಗಿದ್ದೂ ಇಡೀ ಬೋರ್ಡು ಕಸವಾಗುವುದೇಕೆ? ಕೆಟ್ಟ ಭಾಗವನ್ನು ಗುರುತಿಸುವ ತಿಳಿವಳಿಕೆ ಬೇಕೆಂಬುದು ನಿಜ. ಆದರೆ ಗುರುತಿಸಿದ ಮೇಲೆ, ಸುತ್ತಲಿನ ಭಾಗಗಳಿಗೆ ಧಕ್ಕೆಯಾಗದಂತೆ ಅದನ್ನು ಬಿಡಿಸಿ ತೆಗೆಯುವ ಸಾಧನವೂ ಬೇಕು. ಕಾಡು, ಗಣಿ, ಅಣೆಕಟ್ಟುಗಳ ಕುರಿತು ಬರೆಯುವ ಪತ್ರಿಕೆಯಲ್ಲಿ ಗೇಣುದ್ದದ ಒಂದು ಪಿಚಕಾರಿಗೆ ಸಂಪಾದಕೀಯದ ಜಾಗವೇ ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ಗಣಿಗೂ ಆ ಪಿಚಕಾರಿಗೂ ಇರುವ ನಂಟು ಮೇಲುನೋಟಕ್ಕೆ ಕಾಣುವುದಕ್ಕಿಂತ ಹತ್ತಿರದ್ದು.

ವಿದ್ಯುನ್ಮಾನ ಉಪಕರಣಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಬೆಸುಗೆಯಲ್ಲಿ ನೂರಕ್ಕೆ 63 ಪಾಲು ತವರ, 37 ಪಾಲು ಸೀಸ. ಶುದ್ಧ ತವರ ಕರಗಲು 232 ಡಿಗ್ರಿ ಸೆಲ್ಸಿಯಸ್, ಶುದ್ಧ ಸೀಸ ಕರಗಲು 327 ಡಿಗ್ರಿ ಬೇಕು. ಈ ಪ್ರಮಾಣದಲ್ಲಿ ಕೂಡಿದಾಗ ಮಾತ್ರ ಅವೆರಡೂ 183 ಡಿಗ್ರಿಯಲ್ಲೇ ಒಮ್ಮೆಗೇ ನೀರಾಗುತ್ತವೆ. ಲೋಹದ ಮೇಲಿನ ಕಿಲುಬನ್ನು ತೊಡೆದು ಬೆಸುಗೆ ಸರಾಗವಾಗಿ ಹರಿಯುವಂತೆ ಮಾಡಲು ಪೈನ್ ಮರದ ರಾಳವನ್ನು ಬಳಸುತ್ತಾರೆ. ಧೂಪದ ಮರದ ರಾಳವನ್ನು ಕಂಡವರಿಗೆ ಇದು ತೀರ ಅಪರಿಚಿತ ವಸ್ತುವೇನಲ್ಲ. ಕೂಡಿಸುವುದು ಹೀಗೆ ಸುಲಭ, ಬಿಡಿಸುವುದೇ ಕಷ್ಟ. ಒಂದು ಕಾಲಿನ ಬೆಸುಗೆಯನ್ನು ಕರಗಿಸಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮತ್ತೆ ಗಟ್ಟಿಯಾಗಿರುತ್ತದೆ. ಬಲವಂತವಾಗಿ ಎಳೆದರೆ ಬೋರ್ಡಿಗೆ ಅಂಟಿಸಿದ, ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪದ ತಾಮ್ರದ ಪದರವೇ ಎದ್ದುಬರುತ್ತದೆ.

ಈ ತೊಡಕಿಗೆ ಯಂತ್ರಜ್ಞರು ಕಂಡುಕೊಂಡ ಉಪಾಯ ಎಷ್ಟು ಸರಳವೋ ಅಷ್ಟೇ ಜಾಣ್ಮೆಯದು. ಒಂದು ಕೊಳವೆ, ಅದರೊಳಗೆ ಸ್ಪ್ರಿಂಗಿನ ಒತ್ತಡಕ್ಕೆ ಎದುರಾಗಿ ಒತ್ತಿ ಹಿಡಿದ ಕೊಂತ, ಅದನ್ನು ತಡೆದು ನಿಲ್ಲಿಸುವ ಒಂದು ಕೊಕ್ಕೆ. ಬೆಸುಗೆ ಕರಗಿದ ಕ್ಷಣದಲ್ಲಿ ಕೊಳವೆಯ ಮೂತಿಯನ್ನು ಅದರ ಮೇಲಿಟ್ಟು ಗುಂಡಿ ಒತ್ತಿದರೆ ಕೊಕ್ಕೆ ಕಳಚಿ ಕೊಂತ ಹಿಂದಕ್ಕೆ ಚಿಮ್ಮುತ್ತದೆ; ಒಳನುಗ್ಗುವ ಗಾಳಿ ಕರಗಿದ ಲೋಹವನ್ನೂ ಸೆಳೆದುಕೊಂಡು ಹೋಗುತ್ತದೆ. ಮುಂದಿನ ಬಾರಿ ಒತ್ತುವಾಗ ಕೊಂತದ ತುದಿಯ ಕಡ್ಡಿಯೇ ಮೂತಿಯಲ್ಲಿ ಸಿಕ್ಕಿದ ಲೋಹವನ್ನು ಹೊರದಬ್ಬುತ್ತದೆ. ವಿದ್ಯುತ್ತು ಬೇಡ, ಮೋಟಾರು ಬೇಡ. ಅಂಗಡಿಗಳಲ್ಲಿ ಇದಕ್ಕೆ ‘ಸಕ್ಕರ್’ ಎಂದೇ ಹೆಸರು. ಅಮೆರಿಕದ ಕ್ಯಾಲಿಫೋರ್ನಿಯಾದ ವಿಲಿಯಂ ಫಾರ್ಚೂನ್ ಎಂಬವರ ಹೆಸರಿನಲ್ಲಿ ಈ ಬಗೆಯ ಸಾಧನಗಳ ಹಲವು ಪೇಟೆಂಟುಗಳಿವೆ. ಒಂದು ಪಿಚಕಾರಿಗೆ ಇಷ್ಟೊಂದು ಪೇಟೆಂಟುಗಳೇಕೆ? ಕೊಂತ ಚಿಮ್ಮುವಾಗ ಕೈ ಅದುರಿ ಮೂತಿ ಬೋರ್ಡಿಗೆ ಬಡಿಯುತ್ತದೆ. ಆ ಅದುರನ್ನು ತಗ್ಗಿಸಬೇಕು. ಮೂತಿ ಬಿಸಿಗೆ ಕರಗಬಾರದು, ಅದಕ್ಕೆ ಟೆಫ್ಲಾನ್ ಬೇಕು. ಪ್ಲಾಸ್ಟಿಕ್ ಕೊಳವೆಯ ಒಳಗಿನ ಉಜ್ಜಾಟದಿಂದ ಹುಟ್ಟುವ ಸ್ಥಿರವಿದ್ಯುತ್ತು ಸೂಕ್ಷ್ಮ ಚಿಪ್ಪುಗಳನ್ನು ಕೊಲ್ಲುತ್ತದೆ. ಆದ್ದರಿಂದ ವಿದ್ಯುತ್ತನ್ನು ಹರಿಯಗೊಡುವ ಪ್ಲಾಸ್ಟಿಕ್ ಬೇಕು. ಬಳಸಿದವರ ಕೈಗೆ ತಾಗಿದ ಒಂದೊಂದು ತೊಂದರೆಯೂ ಒಂದೊಂದು ಸುಧಾರಣೆಯನ್ನು ಹುಟ್ಟಿಸಿದೆ.

ರಾಳದಲ್ಲಿ ಅದ್ದಿದ ತಾಮ್ರದ ಎಳೆಗಳ ಹೆಣಿಗೆ ಇದರ ಸೋದರ. ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವಂತೆ ಅದು ಕರಗಿದ ಬೆಸುಗೆಯನ್ನು ಹೀರುತ್ತದೆ. ಟೊಳ್ಳು ತುದಿಯ ಕಾದ ಕಬ್ಬಿಣಕ್ಕೆ ಗಾಳಿ ಎಳೆಯುವ ಪಂಪು ಜೋಡಿಸಿದ ದೊಡ್ಡ ಯಂತ್ರಗಳು ಕಾರ್ಖಾನೆಗಳಲ್ಲಿವೆ. ಬಿಸಿಗಾಳಿ ಊದಿ ಇಡೀ ಚಿಪ್ಪನ್ನು ಒಮ್ಮೆಗೇ ಎಬ್ಬಿಸುವ ಯಂತ್ರಗಳು ಇಂದು ಮೊಬೈಲ್ ರಿಪೇರಿಯ ಸಣ್ಣ ಅಂಗಡಿಗಳಿಗೂ ಬಂದಿವೆ.

ಈ ಸಾಧನಗಳಿಲ್ಲದೆಡೆ ಬೆಸುಗೆ ಬಿಡಿಸುವ ಕೆಲಸ ಹೇಗೆ ನಡೆಯಿತೆಂಬುದಕ್ಕೆ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಗುಯಿಯು ಪಟ್ಟಣ ಸಾಕ್ಷಿ. ಶ್ರೀಮಂತ ದೇಶಗಳು ಎಸೆದ ಕಂಪ್ಯೂಟರುಗಳು ಅಲ್ಲಿಗೆ ಬಂದು ಬೀಳುತ್ತಿದ್ದುದನ್ನು 2002ರಲ್ಲಿ ಬಾಸೆಲ್ ಆಕ್ಷನ್ ನೆಟ್‌ವರ್ಕ್ ಮತ್ತು ಸಂಗಡಿಗ ಸಂಸ್ಥೆಗಳ ವರದಿ ಲೋಕದ ಮುಂದಿಟ್ಟಿತು. ಅಲ್ಲಿ ಕಲ್ಲಿದ್ದಲ ಒಲೆಯ ಮೇಲೆ ಬೋರ್ಡನ್ನಿಟ್ಟು, ಸೀಸ ಕರಗಿದಾಗ ಚಿಪ್ಪುಗಳನ್ನು ಇಕ್ಕಳದಿಂದ ಹೆಕ್ಕುತ್ತಿದ್ದರು. ಉಳಿದುದನ್ನು ಆಮ್ಲದಲ್ಲಿ ಅದ್ದುತ್ತಿದ್ದರು ಇಲ್ಲವೇ ಬಯಲಲ್ಲಿ ಸುಡುತ್ತಿದ್ದರು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪರೀಕ್ಷಿಸಲಾದ ಅಲ್ಲಿನ ಆರು ವರ್ಷದೊಳಗಿನ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ, ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಎಂಬ ಅಂದಿನ ಮಿತಿಯನ್ನು ಮೀರಿದ ಸೀಸವಿತ್ತು. ಅದೇ ಚಿಪ್ಪು, ಅದೇ ಸೀಸ, ಬೇಕಾದದ್ದೂ ಅದೇ ಶಾಖ. ನಡುವೆ ಇಲ್ಲದಿದ್ದುದು ಸರಿಯಾದ ಸಾಧನ, ಅದನ್ನು ಒದಗಿಸುವ ಹೊಣೆ ಹೊತ್ತವರು. (ಹೀಗೆ ಹೆಕ್ಕಿದ ಹಳೆಯ ಚಿಪ್ಪುಗಳು ಹೊಸದೆಂಬ ಮುದ್ರೆ ಹೊತ್ತು ಮಾರಾಟವಾದವು, ಅಮೆರಿಕದ ಸೇನೆಯ ಉಪಕರಣಗಳಲ್ಲೂ ಅಂಥ ನಕಲಿ ಭಾಗಗಳು ಸೇರಿದ್ದನ್ನು ಅಲ್ಲಿನ ಸೆನೆಟ್ ಸಮಿತಿಯೊಂದು 2012ರಲ್ಲಿ ವರದಿ ಮಾಡಿತು. ಎಸೆದದ್ದು ಮನೆಗೆ ಮರಳಿದ ಬಗೆ ಇದು.)

ಸೀಸವನ್ನೇ ಕೈಬಿಟ್ಟರೆ ಎಲ್ಲವೂ ಸರಿಹೋಗದೇ? ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಬಹುಪಾಲು ವಿದ್ಯುನ್ಮಾನ ಸಾಮಗ್ರಿಗಳಲ್ಲಿ ಸೀಸವನ್ನು ನಿರ್ಬಂಧಿಸಿತು. ಸ್ವಾಗತಾರ್ಹ ಹೆಜ್ಜೆಯೇ. ಆದರೆ ತವರ, ಬೆಳ್ಳಿ, ತಾಮ್ರ ಬೆರೆತ ಹೊಸ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಬಿಡಿಸುವಾಗ ಹೆಚ್ಚು ಶಾಖ ತಾಗಿ ತಾಮ್ರದ ಪದರ ಏಳುತ್ತದೆ, ಪಕ್ಕದ ಭಾಗಗಳು ಬೇಯುತ್ತವೆ. ಒಂದು ವಿಷವನ್ನು ದೂರವಿಟ್ಟ ಕ್ರಮವೇ ರಿಪೇರಿಯನ್ನು ತುಸು ದುಸ್ತರಗೊಳಿಸಿತು. ಇದಕ್ಕೂ ಉಪಾಯವಿಲ್ಲದಿಲ್ಲ: ಬಿಸ್ಮತ್ ಬೆರೆತ ಮಿಶ್ರಲೋಹವನ್ನು ಹಳೆಯ ಬೆಸುಗೆಗೆ ಕೂಡಿಸಿದರೆ ಅದರ ಕರಗುವ ಬಿಂದು ಬಹಳ ಕೆಳಗಿಳಿಯುತ್ತದೆ. ಆದರೆ ಚಿಪ್ಪುಗಳನ್ನು ಅಂಟಿನಲ್ಲಿ ಮುಳುಗಿಸಿ, ಬ್ಯಾಟರಿಯನ್ನು ಕವಚಕ್ಕೇ ಅಂಟಿಸಿ ಮಾರುವ ತಯಾರಕರ ಮುಂದೆ ಯಾವ ಮಿಶ್ರಲೋಹವೂ ಸೋಲುತ್ತದೆ. ಕೂಡಿಸುವ ಯಂತ್ರಗಳಿಗೆ ಸುರಿಯುವ ಬುದ್ಧಿ ಮತ್ತು ಹಣದಲ್ಲಿ ಅಲ್ಪಾಂಶವೂ ಬಿಡಿಸುವ ಯಂತ್ರಗಳಿಗೆ ಸಲ್ಲುತ್ತಿಲ್ಲವೆಂಬುದು ಇಲ್ಲಿನ ಮುಖ್ಯ ದೂರು.

ಬೋರ್ಡುಗಳನ್ನು ಪುಡಿಮಾಡಿ ಲೋಹ ತೆಗೆದರಾಯಿತಲ್ಲ ಎಂಬ ವಾದವಿದೆ. ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರದಂಥ ಘಟಕಗಳು ಒಲೆ, ಆಮ್ಲಗಳಿಗೆ ಬದಲಾಗಿ ವ್ಯವಸ್ಥಿತ ಮರುಬಳಕೆ ಸಾಧ್ಯವೆಂದು ತೋರಿಸಿದ್ದು ದೊಡ್ಡ ಸಂಗತಿ. ಆದರೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಸರಿಯಾಗಿ ಸಂಗ್ರಹಿಸಿ ಸಂಸ್ಕರಿಸಿದ ಬಗ್ಗೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ. ಅದಲ್ಲದೆ ಚಿಪ್ಪಿನ ಬೆಲೆ ಅದರಲ್ಲಿರುವ ಲೋಹದ ತೂಕವಲ್ಲ. ಎರಿಕ್ ವಿಲಿಯಮ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಕೇವಲ 2 ಗ್ರಾಂ ತೂಕದ ಒಂದು ಮೆಮೊರಿ ಚಿಪ್ಪಿನ ತಯಾರಿಕೆ ಮತ್ತು ಬಳಕೆಗೆ 1,600 ಗ್ರಾಂ ಇಂಧನ, 72 ಗ್ರಾಂ ರಾಸಾಯನಿಕಗಳು ಬೇಕು. ತಯಾರಿಕೆಯೊಂದಕ್ಕೇ 32 ಕಿಲೋ ನೀರು ಬೇಕು. ಪುಡಿಮಾಡಿದಾಗ ಇವೆಲ್ಲವೂ ಹೋಯಿತು, ಕೈಗೆ ಬಂದದ್ದು ಚಿಟಿಕೆ ಲೋಹ. ಆ ಲೋಹವಾದರೂ ಎಲ್ಲಿಂದ ಬಂದದ್ದು? ಬೆಸುಗೆಯ ತವರಕ್ಕಾಗಿ ಇಂಡೋನೇಷ್ಯಾದ ಬಾಂಗ್ಕಾ ದ್ವೀಪದ ನೆಲವನ್ನೂ ಸುತ್ತಲ ಕಡಲನ್ನೂ ಅಗೆದಿದ್ದಾರೆ. ಸುಪ್ರೀಂ ಕೋರ್ಟಿನ ಆದೇಶದಂತೆ ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತರೂ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಗಣಿ ಹೂಳನ್ನು ಕಂಡಿರುವ ಘಟ್ಟದ ಜನಕ್ಕೆ, ಬಾಂಗ್ಕಾದ ಬೆಸ್ತರ ಪಾಡನ್ನು ವಿವರಿಸಿ ಹೇಳಬೇಕಿಲ್ಲ.

ಕೇಂದ್ರ ಸರಕಾರ 2022ರಲ್ಲಿ ರಿಪೇರಿ ಹಕ್ಕಿನ ಮಾತೆತ್ತಿ ಅದಕ್ಕೊಂದು ಜಾಲತಾಣ ತೆರೆಯಿತು. ಆದರೆ ಬೋರ್ಡಿನ ನಕ್ಷೆ ಹಾಗೂ ಬಿಡಿಭಾಗಗಳು ತಾಲ್ಲೂಕು ಕೇಂದ್ರದ ಅಂಗಡಿಯವನ ಕೈಗೆ ಎಟುಕುವವರೆಗೆ ಹಕ್ಕು ಕಾಗದದ ಮೇಲೇ ಇರುತ್ತದೆ. ಅದಕ್ಕಾಗಿ ಒತ್ತಾಯಿಸುವುದು ಗ್ರಾಹಕರ ಸಂಘಗಳಷ್ಟೇ ಪರಿಸರ ಸಂಘಟನೆಗಳ ಕೆಲಸವೂ ಹೌದು. ಐ.ಟಿ.ಐ. ಮತ್ತು ಪಾಲಿಟೆಕ್ನಿಕ್‌ಗಳ ಪ್ರಯೋಗಶಾಲೆಗಳಲ್ಲಿ ಬೆಸುಗೆ ಹಾಕುವುದಕ್ಕೆ ಕೊಡುವಷ್ಟೇ ಗಂಟೆಗಳನ್ನು ಬಿಡಿಸುವುದಕ್ಕೂ ಕೊಡಬೇಕು. ಕೆಲವು ನೂರು ರೂಪಾಯಿಗೆ ಸಕ್ಕರ್ ಸಿಗುತ್ತದೆ. ಅಭ್ಯಾಸಕ್ಕೆ ಕೆಟ್ಟ ಬೋರ್ಡುಗಳಿಗೇನೂ ಬರವಿಲ್ಲ.

ಈ ಕೆಲಸಕ್ಕೆ ಇಳಿಯುವ ವಿದ್ಯಾರ್ಥಿಗಳು ಒಂದು ವಿಷಯ ತಿಳಿದಿರಬೇಕು. ಬೆಸುಗೆ ಕರಗುವ ಶಾಖದಲ್ಲಿ ಸೀಸ ಆವಿಯಾಗುವುದು ಅತ್ಯಲ್ಪ. ಕಣ್ಣು, ಮೂಗು ಉರಿಸುವ ಹೊಗೆ ರಾಳದ್ದು, ಅದು ಉಬ್ಬಸ ತರಬಲ್ಲುದು, ಆದ್ದರಿಂದ ಕಿಟಕಿ ತೆರೆದಿಡಬೇಕು. ಸೀಸ ಮೈಸೇರುವುದು ಹೆಚ್ಚಾಗಿ ಬೆರಳುಗಳ ಮೂಲಕ. ಸಕ್ಕರಿನಿಂದ ಉದುರುವ ಲೋಹದ ಚೂರು, ಬೂದು ಪುಡಿ ಕೈಗೆ ಮೆತ್ತಿ, ಕೈಯಿಂದ ತಿಂಡಿಗೆ ಹತ್ತುತ್ತದೆ. ಕೆಲಸದ ಮೇಜಿನ ಬಳಿ ಚಹಾ ಲೋಟ ಇಡದಿರುವುದು, ಊಟಕ್ಕೆ ಮುನ್ನ ಸೋಪು ಹಚ್ಚಿ ಕೈತೊಳೆಯುವುದು, ಚೂರುಗಳನ್ನು ಗುಡಿಸಿ ಹಳ್ಳಕ್ಕೆ ಚೆಲ್ಲದೆ ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸುವುದು, ಇಷ್ಟನ್ನು ಮೊದಲ ದಿನದ ಪಾಠದಲ್ಲೇ ಕಲಿಸಬೇಕು.