ಬರೇ ರಿಂಗ್ ಹಾಕಿಸಿ ಕೈ ತೊಳಕೋಬ್ಯಾಡ್ರಿ

ಹಳೇ ಗಾಡಿ ಅಂದ್ರ ಗಂಡಸರ ವಿಷಯ, ನಾವು ಚಹಾ ಕೊಟ್ಟು ಒಳಗ ಬಂದ್ಬಿಡೋದು, ಇದು ಎಲ್ಲಾರ ಮನ್ಯಾಗೂ ರೂಢಿ. ಆದ್ರ ಜಾಮ್ ಆದ ಇಂಜಿನ್ ಬಿಚ್ಚಿಸೋ ಹೊತ್ತಿಗೆ ರೊಕ್ಕ ಎಲ್ಲಿಂದ ಬರ್ತದ ಹೇಳ್ರಿ? ನಮ್ಮ ಭಿಶಿಯಿಂದನ ಅಲ್ಲೇನು? ಅದಕ್ಕ ವೈನಿ, ಕಾಕೂ, ಬಾಜೂಮನಿ ಅಕ್ಕಾರು ಎಲ್ಲಾರೂ ಕೇಳ್ರಿ. ಅಳತಿ ತಗೀದ ಬರೇ ರಿಂಗ್ ಬದಲಿ ಮಾಡಿಸೋದು ಉಳಿತಾಯ ಅಲ್ಲ, ಒಂದ ಕೆಲಸಕ್ಕ ಎರಡು ಸಲ ರೊಕ್ಕ ಕೊಡೋದು.

ನಮ್ಮ ಮಾವನವರ ಪ್ರೀಮಿಯರ್ ಪದ್ಮಿನಿ ನಾಕು ವರ್ಷದಿಂದ ಪತ್ರಾಸಿನ ತೆಳಗ ನಿಂತದ, ಇಂಜಿನ್ ಜಾಮ್. ಹಿಂದ ಫಿಯಾಟ್ 1100 ಅಂತಿದ್ರಲ್ಲ, ಅದರದ ಇಂಜಿನ್. 1089 ಸಿ.ಸಿ., ನಾಕು ಸಿಲಿಂಡರ್, ಒಂದೊಂದರ ಬೋರು 68 ಮಿಲಿಮೀಟರ್ ಅಗಲ. ಗಾಡಿ ತಯಾರಾಗೋದು ನಿಂತು ಇಪ್ಪತ್ತು ವರ್ಷದ ಮ್ಯಾಲಾತು. ಮುಂಬೈದಾಗ ಇದ್ದ ಪದ್ಮಿನಿ ಟ್ಯಾಕ್ಸಿನೂ 2023ರ ಅಕ್ಟೋಬರ್‌ದಾಗ ರಸ್ತೆ ಬಿಟ್ವು. ಅಂದಮ್ಯಾಲ ಇದ್ದ ಇಂಜಿನ್ ಕೆಡಿಸ್ಕೊಂಡ್ರ ಇನ್ನೊಂದು ಸಿಗೋದು ತ್ರಾಸ.

ಪಿಸ್ಟನ್ ಅಂದ್ರೇನು ಅಂತ ತಿಳಿಯೋದು ನಮಗೇನು ಕಷ್ಟಲ್ಲ. ಚಕ್ಕಲಿ ಒತ್ತೋ ಅಚ್ಚು ನೆನಸ್ಕೋರಿ. ಕೊಳವಿಯೊಳಗ ಒತ್ತೋ ತುಂಡು ಬಿಗಿಯಾಗಿದ್ರ ಹಿಟ್ಟು ತೆಳಗ ಇಳೀತದ. ಸಡಲಾದ್ರ ಹಿಟ್ಟು ಬಾಜೂದಿಂದ ಮ್ಯಾಲ ಏರ್ತದ, ಕೈ ನೋಯ್ತದ, ಚಕ್ಕಲಿ ಬರಂಗಿಲ್ಲ. ಇಂಜಿನ್‌ದಾಗ ಕೊಳವಿ ಅಂದ್ರ ಬೋರು, ಒತ್ತೋ ತುಂಡು ಪಿಸ್ಟನ್. ನಡುವಿನ ಸಂದಿ ಮುಚ್ಚಲಿಕ್ಕೆ ಪಿಸ್ಟನ್ನಿಗೆ ರಿಂಗ್ ಇರ್ತಾವ. ಮ್ಯಾಲಿನವು ಗ್ಯಾಸ್ ತಡೀತಾವ, ತೆಳಗಿಂದು ಎಣ್ಣಿ ಕೆರೀತದ. ಇವು ಕೆಟ್ಟ ಮ್ಯಾಲ ಎಣ್ಣಿ ಸುಟ್ಟು ನೀಲಿ ಹೊಗಿ ಬರ್ತದ, ಜಗ್ಗೋ ಶಕ್ತಿ ಹೋಗ್ತದ.

ಜಾಮ್ ಆಗೋದು ಬಹುತೇಕ ಎರಡು ಕಾರಣಕ್ಕ. ನಿಂತ ಗಾಡಿಗೆ ಒಳಗ ನೀರು ಇಲ್ಲಾ ತೇವ ಸೇರಿದ್ರ ರಿಂಗ್ ತುಕ್ಕು ಹಿಡದು ಬೋರಿಗೆ ಅಂಟ್ಕೋತಾವ. ಓಡೋ ಗಾಡಿಗೆ ನೀರು ಇಲ್ಲಾ ಎಣ್ಣಿ ಖಾಲಿ ಆದ್ರ ಬ್ಯಾರೆ ಕಥಿ. ಪಿಸ್ಟನ್ ಅಲ್ಯೂಮಿನಿಯಂ, ನಮ್ಮ ಜರ್ಮನ್ ಬೋಗುಣಿ ಜಾತಿ. ಬೋರು ಕಬ್ಬಿಣ. ಅಲ್ಯೂಮಿನಿಯಂ ಕಾಯ್ದಾಗ ಕಬ್ಬಿಣಕ್ಕಿಂತ ಹೆಚ್ಚುಕಡಿಮಿ ಎರಡು ಪಟ್ಟು ಹಿಗ್ಗತದ. ಕೂದಲೆಳಿಯಷ್ಟ ಇದ್ದ ಸಂದಿ ಮುಚ್ಚಿಹೋಗಿ ಪಿಸ್ಟನ್ ಬೋರಿಗೆ ತಿಕ್ಕಿ, ಗೀರು ಬಿದ್ದು, ಹಿಡ್ಕೊಂಡ್ ಕೂಡ್ತದ.

ಅದಕ್ಕ ಜಾಮ್ ಆದ ಗಾಡಿ ಗೇರ್‌ದಾಗಿಟ್ಟು ಜಗ್ಗಸೋದು, ನಾಕು ಮಂದಿ ನೂಕೋದು ಮಾಡಗೊಡಬ್ಯಾಡ್ರಿ. ರಿಂಗ್ ಬಿರಸು, ಬಳಿ ಮುರಧಂಗ ಮುರೀತಾವ, ಆ ಚೂರು ಬೋರು ಗೀರ್ತಾವ. ಸ್ಪಾರ್ಕ್ ಪ್ಲಗ್ ತಗದು, ತುಕ್ಕು ಬಿಡಸೋ ಎಣ್ಣಿ ಹಾಕಿ, ನಾಕೊಪ್ಪತ್ತು ಬಿಟ್ಟು, ಕೈಲೆ ಸಾವಕಾಶ ತಿರಗಸಬೇಕು. ಬಿಟ್ತು ಅಂದ್ರೂ ಒಳಗ ನೋಡ್ಲಿಕ್ಕೇಬೇಕು.

ಇನ್ನ ನಮ್ಮ ಮನ್ಯಾಗಿನ ವಾದ ಕೇಳ್ರಿ. "ವರ್ಷಕ್ಕ ಒಂದ್ಸಲ ಎಲ್ಲಮ್ಮನ ಗುಡ್ಡಕ್ಕ ಹೋಗೋ ಗಾಡಿಗೆ ಬೋರಿಂಗ್ ಯಾಕ? ಹೊಸಾ ರಿಂಗ್ ಹಾಕ್ರಿ ಸಾಕು." ಕೇಳ್ಲಿಕ್ಕೆ ಖರೇ ಅನಸ್ತದ. ಆದ್ರ ವರ್ಷಾನುಗಟ್ಟಲೆ ಓಡಿದ ಬೋರು ದುಂಡಗ ಉಳಿಯಂಗಿಲ್ಲ, ತತ್ತಿ ಆಕಾರಕ್ಕ ಬರ್ತದ. ಮ್ಯಾಲಿನ ರಿಂಗ್ ಎಲ್ಲಿ ತನಕ ಏರ್ತದೋ ಅಲ್ಲಿ ಒಂದು ಅಂಚು ಏಳ್ತದ. ಹೊಸಾ ರಿಂಗಿನ ಚೂಪ ಮೂಲಿ ಆ ಅಂಚಿಗೆ ಬಡದು ಮುರಿಯೋದೂ ಅದ. ದುಂಡನ ರಿಂಗು ತತ್ತಿ ಆಕಾರದ ಬೋರಿಗೆ ಕೂಡೋದಾದ್ರೂ ಹೆಂಗ? ತಿಂಗಳೊಪ್ಪತ್ತಿನ್ಯಾಗ ಮತ್ತ ಹೊಗಿ, ಮತ್ತ ಬಿಚ್ಚೋ ಕೂಲಿ.

ಬೋರು ಅಳತಿಯೊಳಗದ, ಪಿಸ್ಟನ್ನಿಗೆ ಗೀರಿಲ್ಲ ಅಂದ್ರ ಬರೇ ರಿಂಗ್ ಹಾಕಿದ್ರ ನಡೀತದ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅದನ್ನ ಹೇಳಬೇಕಾದ್ದು ಗೇಜು, ಬಾಯಿ ಅಲ್ಲ. ಒಂದೊಂದು ಬೋರು ಮ್ಯಾಲ, ನಡುವ, ತೆಳಗ, ಎರಡೂ ದಿಕ್ಕಿನಿಂದ ಅಳದು ಕಾಗದದ ಮ್ಯಾಲ ಬರಕೊಡ್ರಿ ಅಂತ ಮಿಸ್ತ್ರಿಗೆ ಕೇಳ್ರಿ. ಹಳೇ ಪಿಸ್ಟನ್ನು ಚೀಲದಾಗ ಹಾಕಿ ಕೊಡ್ರಿ ಅನ್ರಿ. ಗೀರು ಬಿದ್ದದ್ದು ಉಗುರಿಗೆ ಹತ್ತತದ, ಅದಕ್ಕೇನು ಡಿಗ್ರಿ ಬೇಕಾಗಿಲ್ಲ.

ಒಂದ ಪಿಸ್ಟನ್ ಕೆಟ್ಟದ ಅಂತ ಒಂದ ಹಾಕಸಬ್ಯಾಡ್ರಿ. ನಾಕರ ತೂಕ ಒಂದ ಇರಬೇಕು, ಇಲ್ಲಾಂದ್ರ ಇಂಜಿನ್ ನಡುಗ್ತದ. ಬೋರು ಕೊರದು ದೊಡ್ಡದು ಮಾಡೋದಾದ್ರ ಮೊದಲ ಪಿಸ್ಟನ್ ತರ್ರಿ, ಆಮ್ಯಾಲ ಲೇಥಿಗೆ ಕೊಡ್ರಿ. ಮಿಸ್ತ್ರಿಗಳು "ಹತ್ತು ಸೈಜು, ಇಪ್ಪತ್ತು ಸೈಜು" ಅಂತಾರ. ಹತ್ತು ಅಂದ್ರ ಇಂಚಿನ ಸಾವಿರ ಭಾಗದಾಗ ಹತ್ತು, ಅಂದಾಜು ಕಾಲು ಮಿಲಿಮೀಟರ್. ಕೊರದ ಮ್ಯಾಲ ಆ ಸೈಜಿನ ಪಿಸ್ಟನ್ ಸಿಗಲಿಲ್ಲ ಅಂದ್ರ ಏನ್ ಮಾಡ್ತೀರಿ? ರವಿಕಿ ಹೊಲಿಯೋಕೂ ಮೊದಲ ಅರಿಬಿ ತರ್ತೀವಿಲ್ಲೋ!

ರಿಂಗ್ ಪ್ಯಾಕೆಟ್ಟಿನಿಂದ ತಗದು ಸೀದಾ ಹಾಕೋದೂ ತಪ್ಪು. ಬೋರಿನೊಳಗ ಒಂದೊಂದ ರಿಂಗ್ ಇಟ್ಟು ಎರಡು ತುದಿ ನಡುವಿನ ಸಂದಿ ನೋಡಬೇಕು. ಪದ್ಮಿನಿಯಂಥ ಬೋರಿಗೆ ಅದು ಕಾಲು ಮಿಲಿಮೀಟರ್ ಆಸುಪಾಸು. ಕಡಿಮಿ ಆದ್ರ ಕಾಯ್ದಾಗ ತುದಿ ಒಂದಕ್ಕೊಂದು ಒತ್ತಿ ಮತ್ತ ಜಾಮ್. ಹಾಕುವಾಗ ಎಲ್ಲಾ ರಿಂಗಿನ ಸಂದಿ ಒಂದ ಸಾಲಿನ್ಯಾಗ ಬರಬಾರದು, ಗ್ಯಾಸ್ ಅಲ್ಲಿಂದನ ಸೋರ್ತದ.

"ಬ್ಲಾಕ್ ಒಗದು ಬ್ಯಾರೇದು ಹಾಕ್ರಿ" ಅಂತ ಹೇಳೋರೂ ಇದ್ದಾರ. ಬೋರು ಭಾಳ ದೊಡ್ಡದಾಗಿದ್ರೂ ಸ್ಲೀವ್ ಕೂಡಿಸಿ ಮೊದಲಿನ ಅಳತಿಗೆ ತರ್ಲಿಕ್ಕೆ ಬರ್ತದ. ಬ್ಲಾಕ್ ಬದಲಾದ್ರ ಇಂಜಿನ್ ನಂಬರ್ ಬದಲಾಗ್ತದ, ಆರ್.ಸಿ.ದಾಗ ಬರಸಲಿಕ್ಕೆ ಆರ್.ಟಿ.ಓ. ಅಡ್ಡಾಟ. ಬ್ಲಾಕ್ ಸೀಳಿದ್ರ ಮಾತು ಬ್ಯಾರೆ.

ಮುಖ್ಯ ಪ್ರಶ್ನಿ ಕೇಳದ ರೊಕ್ಕ ಕೊಡಬ್ಯಾಡ್ರಿ: "ಜಾಮ್ ಯಾಕಾತು?" ಸೋರೋ ರೇಡಿಯೇಟರ್, ಕೆಟ್ಟ ವಾಟರ್ ಪಂಪ್, ಸುಟ್ಟ ಹೆಡ್ ಗ್ಯಾಸ್ಕೆಟ್ ಹಂಗ ಬಿಟ್ಟು ಹೊಸಾ ಪಿಸ್ಟನ್ ಹಾಕಿದ್ರ ತೂತು ಬಿದ್ದ ಗಡಗ್ಯಾಗ ನೀರು ತುಂಬಿದಂಗ. ಗಾಡಿ ಇಟ್ಕೋಳೋದಾದ್ರ ಸರಿಯಾಗಿ ಮಾಡಸೋಣು. ಅಷ್ಟು ರೊಕ್ಕ ಈಗ ಇಲ್ಲಾಂದ್ರ ಎಣ್ಣಿ ಹಚ್ಚಿ, ಮುಚ್ಚಿ ಇಡೋಣು, ಮುಂದಿನ ಭಿಶಿ ಎತ್ತಿದಾಗ ನೋಡೋಣು. ಅರ್ಧಾ ಕೆಲಸಕ್ಕ ಮಾತ್ರ ನಾ ರೊಕ್ಕ ಬಿಚ್ಚಂಗಿಲ್ಲ, ನೀವೂ ಬಿಚ್ಚಬ್ಯಾಡ್ರಿ.